ಕಿಟಕಿಯ ಕೊತ್ತಂಬರಿ

೧೭ ಜುಲೈ ೧೯೫೧, ಮಂಗಳವಾರ. ಸತ್ಯನಾರಾಯಣಪೇಟೆ.

ಸಾರು ಚೆಲ್ಲಿದ್ದು ಇನ್ನೂ ಮನಸ್ಸಿನಿಂದ ಹೋಗುತ್ತಿಲ್ಲ.

ರಮಾ ತೀರಿಕೊಂಡ ಮೇಲೆ ಅವಳ ಸೀಮೆಎಣ್ಣೆ ಡಬ್ಬಿ ಅಡುಗೆಮನೆಯ ಕಿಟಕಿಯಲ್ಲಿ ಬರೀ ಮಣ್ಣು ತುಂಬಿಕೊಂಡು ಕುಳಿತಿತ್ತು. ಈ ಊರಿನ ಬಿಸಿಲಿಗೆ ಅಂಗಳದಲ್ಲಿ ಸೊಪ್ಪು ನಿಲ್ಲುವುದಿಲ್ಲವೆಂದು ಅವಳು ಅದರಲ್ಲಿ ಒಳಗೇ ಬೆಳೆಸುತ್ತಿದ್ದಳು. ಜೂನಿನಲ್ಲಿ ನಾನೂ ಕೊತ್ತಂಬರಿ ಬೀಜ ಒಡೆದು ಹಾಕಿದೆ. ಕಚೇರಿಯಿಂದ ಬಂದವನು ಅಂಗಿ ಬಿಚ್ಚುವ ಮೊದಲೇ ನೀರು ಹಾಕುತ್ತಿದ್ದೆ. ಅದರೊಡನೆ ಮಾತೂ ಆಡಿದ್ದೇನೆ, ಸುಳ್ಳೇಕೆ.

ಇಂದು ಮೊದಲ ಸಲ ಒಂದಿಷ್ಟು ಕೊಯ್ದು ಸಾರಿಗೆ ಹಾಕಿದೆ. ಹಾಲು ತಂದ ಸುಂಕಮ್ಮ ಬಾಗಿಲಲ್ಲೇ ಮೂಗರಳಿಸಿದಳು.

“ಕೊತ್ತಂಬ್ರಿ ಹಾಕೀರೇನ್ರಿ ಸ್ವಾಮಿ? ಅಮ್ಮಾರು ಈ ತಿಂಗಳು ಸೊಪ್ಪು ಮುಟ್ಟತಿದ್ದಿಲ್ರಿ. ಎಲ್ಲಾ ಕೊಯ್ದು ನನಗ ಕೊಡತಿದ್ರು.”

ಶಾಕವ್ರತ! ಆಷಾಢದ ಏಕಾದಶಿಯ ಉಪವಾಸ ಮಾಡಿದವನಿಗೆ, ಅದರ ಹಿಂದೆಯೇ ಒಂದು ತಿಂಗಳು ಸೊಪ್ಪು, ತರಕಾರಿ ಬಿಡಬೇಕೆಂಬುದು ನೆನಪಾಗಲಿಲ್ಲ. ಮೂವತ್ತು ವರ್ಷ ರಮಾ ಎಲೆಗೆ ಬಡಿಸಿದ್ದನ್ನು ಉಂಡೆ, ಅಷ್ಟೇ. ಮಾಸ, ತಿಥಿ ಎಲ್ಲ ಅವಳ ತಲೆಯಲ್ಲಿದ್ದವು.

ಸಾರು ಚೆಲ್ಲಿದೆ. ಯಾರ ಮೇಲಿನ ಸಿಟ್ಟೋ, ಉಳಿದ ಗಿಡಗಳನ್ನೆಲ್ಲ ಬೇರುಸಮೇತ ಕಿತ್ತು ಸುಂಕಮ್ಮನ ಸೆರಗಿಗೆ ಹಾಕಿದೆ.

“ಬೇರು ಬಿಡಬೇಕಿತ್ರಿ, ಮತ್ತ ಚಿಗರತಿತ್ತು,” ಎಂದಳು.

ಈಗ ಡಬ್ಬಿಯಲ್ಲಿ ಮತ್ತೆ ಬರೀ ಮಣ್ಣು.

ಮೊಸರನ್ನ ಉಂಡು ಬಲಗೈ ತೊಳೆದೆ. ಗಿಡ ಹಿಡಿದಿದ್ದ ಎಡಗೈ ತೊಳೆದಿಲ್ಲ. ರಮಾಳ ಬೆರಳುಗಳಿಗೂ ಇದೇ ವಾಸನೆ ಇರುತ್ತಿತ್ತು. ಇಷ್ಟು ಹೊತ್ತೂ ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಪುಸ್ತಕ ಸರಿಯುತ್ತದೆ, ಹಿಡಿಯಲು ಎಡಗೈಯನ್ನು ಮುಖದಿಂದ ತೆಗೆಯಬೇಕು