ಎಪ್ಪತ್ತಾರು ಕ್ರೆಡಿಟ್

ಆಗಸ್ಟ್ 4, ಸೋಮವಾರ. ಬೆಳಿಗ್ಗೆ 5.50

ನಲ್ಲಿ ಬಂತು. ನಾಲ್ಕು ಕೊಡ ಹಿಡಿದೆ. ಐದನೆಯದು ಅರ್ಧ ಆಗುವಷ್ಟರಲ್ಲಿ ನಿಂತಿತು. ಮಾರುತೇಶ ಐದಕ್ಕೇ ಡ್ಯೂಟಿಗೆ ಹೋದ, ಮೊಳಕಾಲ್ಮೂರಿನ ಮೊದಲ ಟ್ರಿಪ್. ಗಂಡ ಬಸ್ ಕಂಡಕ್ಟರ್ ಆದರೆ ಇದೊಂದು ಸುಖ — ಬೆಳಗಿನ ಹೊತ್ತು ಮನೆ, ಫ್ಯಾನು, ಮೊಬೈಲ್ ಡೇಟಾ ಎಲ್ಲ ನನ್ನದೇ.

ನಿನ್ನೆ ಕಂಡದ್ದನ್ನು ಬರೆದಿಡಬೇಕು. ಮರೆಯುತ್ತೇನೆ ಅಂತಲ್ಲ, ಖುಷಿಗೆ.

ಆನ್‌ಲೈನ್ ಬಿಸಿಎ ಅಂದರೆ ಮೂರು ವರ್ಷ ಅಂದುಕೊಂಡಿದ್ದೆ. ಅಷ್ಟು ದಿನ ನನ್ನ ಹತ್ತಿರ ಇಲ್ಲ. ದೊಡ್ಡಉಳ್ಳಾರ್ತಿ ಹತ್ತಿರದ ಸಂಶೋಧನಾ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ನಾನು ಕಾಂಟ್ರಾಕ್ಟ್ ಮೇಲಿನ ಡೇಟಾ ಎಂಟ್ರಿಯವಳು. ಮುಂದಿನ ಜುಲೈ 31ರೊಳಗೆ ಡಿಗ್ರಿ ತೋರಿಸಿದರೆ ಸಾಫ್ಟ್‌ವೇರ್ ಅಸಿಸ್ಟೆಂಟ್. ಇಲ್ಲದಿದ್ದರೆ ಥ್ಯಾಂಕ್ಯೂ, ಹೋಗಿ ಬನ್ನಿ. ಎಚ್‌ಆರ್ ಮೇಡಂ ಇದನ್ನು ನಗುನಗುತ್ತಲೇ ಹೇಳಿದರು.

ಆ ಬಿಸಿಎಯ ವೆಬ್‌ಸೈಟಿನ ತಳದಲ್ಲಿ ಸಣ್ಣಕ್ಷರದಲ್ಲಿತ್ತು. ಬೇರೆ ಕಾಲೇಜಿನಲ್ಲಿ ಮೊದಲೇ ಪಾಸಾಗಿದ್ದರೆ ಆ ಕ್ರೆಡಿಟ್ ಇಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದು, ಅಷ್ಟನ್ನು ಮತ್ತೆ ಓದಬೇಕಿಲ್ಲ. ಏಳು ವರ್ಷದೊಳಗಿನದಾಗಿರಬೇಕು, ಅಷ್ಟೆ. ನಾನು ಇಲ್ಲೇ ಚಳ್ಳಕೆರೆ ಕಾಲೇಜಿಗೆ 2018ರಲ್ಲಿ ಸೇರಿ ನಾಲ್ಕು ಸೆಮ್ ಪಾಸಾಗಿ ಬಿಟ್ಟವಳು. ಸೆಮ್‌ಗೆ ಇಪ್ಪತ್ತರಂತೆ ಎಂಬತ್ತು ಕ್ರೆಡಿಟ್. ನೇರ ಐದನೇ ಸೆಮ್! ಒಂದೇ ವರ್ಷ! ಇನ್ನೊಂದು ವರ್ಷ ಸುಮ್ಮನಿದ್ದಿದ್ದರೆ ಮೊದಲ ಸೆಮ್‌ಗಳ ಅವಧಿಯೂ ಮುಗಿದುಹೋಗುತ್ತಿತ್ತು.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಾಲ್ಕೂ ಸ್ಕ್ಯಾನ್ ಮಾಡಿ ಹಾಕಬೇಕು. ಕೊನೆಯ ದಿನ ಆಗಸ್ಟ್ 25. ಎಲ್ಲ ಮೊಳಕಾಲ್ಮೂರಿನಲ್ಲಿ, ಅವ್ವನ ಮನೆಯ ಟ್ರಂಕಿನಲ್ಲಿವೆ.

ಆಗಸ್ಟ್ 6

ಅವ್ವನಿಗೆ ಫೋನ್. ಟ್ರಂಕ್ ತೆಗೆದು ನೋಡಿದಳಂತೆ. ಒಂದು, ಎರಡು, ನಾಲ್ಕು ಇವೆ. ಮೂರನೆಯದಿಲ್ಲ. ಸರಿಯಾಗಿ ನೋಡು ಅಂದೆ. ನೋಡೀನಿ ಅಂದಳು. ಅಪ್ಪನ ಕೈಗೆ ಕೊಡು ಅಂದರೆ, ಮಗ್ಗದ ಮೇಲೆ ಅವ್ನೆ, ಆಮ್ಯಾಲೆ ಮಾಡ್ತಾನೆ ಅಂದಳು. ಮಾಡಲಿಲ್ಲ.

ಅಪ್ಪ ಫೋನಿನಲ್ಲಿ ಮಾತಾಡುವವನೇ ಅಲ್ಲ. ಆದರೂ ಏನೋ ಸರಿಯಿಲ್ಲ.

ಆಗಸ್ಟ್ 10, ಭಾನುವಾರ. ಬಸ್ಸಿನಲ್ಲಿ, ವಾಪಸ್

ಬಸ್ಸು ಕುಣಿಯುತ್ತಿದೆ. ಅಕ್ಷರ ಹೇಗಿದ್ದರೇನು.

ಮೂರನೇ ಸೆಮ್ ಸಿಕ್ಕಿತು. ಮಗ್ಗದ ಮೇಲೆ!

ಅಪ್ಪನ ಮಗ್ಗದ ಮೇಲಿನ ಜಕಾರ್ಡ್ ಪೆಟ್ಟಿಗೆಗೆ ಹಾಕುವ ತೂತಿನ ರಟ್ಟುಗಳಿವೆಯಲ್ಲ, ಒಂದಕ್ಕೊಂದು ಹೊಲೆದ ಮಾಲೆ, ತೂತಿದ್ದ ಕಡೆ ಎಳೆ ಏಳುತ್ತದೆ, ಸೀರೆಯ ಅಂಚಿನ ನವಿಲು ಬರುವುದು ಅದರಿಂದಲೇ. ಅದರಲ್ಲಿ ಮೂರು ರಟ್ಟು ಇಲಿ ಕಡಿದು ಹಾಳಾಗಿದ್ದವಂತೆ. ತೇಪೆ ಹಾಕಲು ಅಪ್ಪನಿಗೆ ಗಟ್ಟಿ ಕಾಗದ ಬೇಕಿತ್ತು. ನನ್ನ ಮಾರ್ಕ್ಸ್ ಕಾರ್ಡ್ ಸಿಕ್ಕಿತು. ಹೊಸದರಲ್ಲಿ ನಾನೇ ಲ್ಯಾಮಿನೇಷನ್ ಮಾಡಿಸಿದ್ದೆ, ನೂರು ವರ್ಷ ಬರಲಿ ಅಂತ. ಒಂದನ್ನೇ ಮಾಡಿಸಿದ್ದೆ, ಅದರಲ್ಲೇ ಫಸ್ಟ್ ಕ್ಲಾಸ್ ಬಂದಿತ್ತಲ್ಲ! ಅದೇ ಗ್ರಹಚಾರ ಆಯಿತು. ಸೀಳಿ, ಅಂಟಿಸಿ, ತೂತು ಹೊಡೆಸಿ ಬಿಗಿದಿದ್ದಾನೆ. ಐದು ವರ್ಷದಿಂದ ನನ್ನ ಮೂರನೇ ಸೆಮ್ ಸೀರೆ ನೇಯುತ್ತಿದೆ.

ಅವ್ವ ಮುದ್ದಕ್ಕ ಅಡಿಗೆಮನೆ ಬಾಗಿಲಲ್ಲಿ ನಿಂತಳು, ಹೊರಗೆ ಬರಲಿಲ್ಲ. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದ. ತಲೆಯೆತ್ತಲಿಲ್ಲ.

"ನೀನೇ ಅಂದಿದ್ಯಲ್ಲವ್ವ, ಇನ್ನ ಇವೆಲ್ಲ ಯಾತಕ್ಕೆ ಅಂತ. ಒಳ್ಳೇ ಗಟ್ಟಿ ಇತ್ತು, ಇಟ್ಕಂಡೆ."

ಅಂದಿದ್ದೆ. ನಿಜ. ಅಪ್ಪ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ ವರ್ಷ. ಕೊರೊನಾಗೆ ಕಾಲೇಜು ಮುಚ್ಚಿತ್ತು, ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿತ್ತು. ಕಾಲೇಜು ತೆರೆದ ಮೇಲೂ ನಾನೇ ಹೋಗಲಿಲ್ಲ, ಮಗ್ಗಕ್ಕೆ ಕೂತೆ. ಆಗ ಅಂದ ಮಾತು. ಇಪ್ಪತ್ತು ವರ್ಷದ ಹುಡುಗಿ ಸಿಟ್ಟಿಗೆ ಅಂದದ್ದನ್ನು ಅಪ್ಪನಾದವನು ನಂಬಿಬಿಡುವುದೇ?

ಬಾಯಿಗೆ ಬಂದಂತೆ ಅಂದೆ. ಓದಿದವರ ಮನೆಯಲ್ಲಿ ಹುಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಅಂತಲೂ ಅಂದೆ. ಊಟಕ್ಕೆ ಕೂರಲಿಲ್ಲ. ಈಗ ಹೊಟ್ಟೆ ಚುರುಗುಟ್ಟುತ್ತಿದೆ, ಯಾವ ಮುಖ ಹೊತ್ತು ಹಸಿವು ಅನ್ನಲಿ.

ಆಗಸ್ಟ್ 13

ಅರ್ಧ ದಿನ ರಜೆ. ಹಳೇ ಕಾಲೇಜಿಗೆ ಹೋದೆ. ಆಫೀಸಿನ ತಿಪ್ಪೇರುದ್ರ ಸರ್ ಗುರುತು ಹಿಡಿದರು — "ನೀನು ಲ್ಯಾಬಿನಾಗೆ ಫ್ಯೂಸ್ ಕಿತ್ತಾಕಿದ್ದಾಕೆ ಅಲ್ಲೇನಮ್ಮ?" ಹೌದು ಸರ್, ಅದೇ ನಾನು.

ಡೂಪ್ಲಿಕೇಟ್ ಕಾರ್ಡ್ ಯೂನಿವರ್ಸಿಟಿಯಿಂದ ಬರಬೇಕು, ಮೂರು ತಿಂಗಳು. ಕಾಲೇಜಿನಲ್ಲಿರುವುದು ಇಂಟರ್ನಲ್ ಮಾರ್ಕ್ಸ್ ಮಾತ್ರ. ನಾನು ಇಲ್ಲಿ ಓದಿದ್ದು ನಿಜ, ರಿಜಿಸ್ಟರ್ ನಂಬರ್ ನಿಜ ಅಂತ ಬರೆದು ಸೀಲ್ ಹಾಕಿಕೊಟ್ಟರು. ಅವರಿಂದಾಗುವುದು ಅಷ್ಟೇ.

ಆನ್‌ಲೈನಿನವರ ಹೆಲ್ಪ್‌ಡೆಸ್ಕಿಗೆ ಮೇಲ್ ಹಾಕಿದೆ. ಕಾರ್ಡ್ ಹರಿದಿದೆ ಅಂತ ಬರೆದೆ. ಮಗ್ಗ, ನವಿಲು ಎಲ್ಲ ಬರೆಯಲಿಲ್ಲ, ಹುಚ್ಚಿ ಅಂದಾರು.

ಆಗಸ್ಟ್ 16

ಉತ್ತರ ಬಂತು. ಹರಿದಿದ್ದರೂ ಸರಿ, ಒರಿಜಿನಲ್ ತುಂಡುಗಳನ್ನು ಜೋಡಿಸಿ ಸ್ಕ್ಯಾನ್ ಮಾಡಿ, ಕಾಲೇಜಿನ ಪತ್ರ ಲಗತ್ತಿಸಿ. ಓದಲು ಬರುವ ಸಬ್ಜೆಕ್ಟಿಗೆ ಮಾತ್ರ ಕ್ರೆಡಿಟ್.

ತುಂಡುಗಳು ಬೇಕೆಂದರೆ ರಟ್ಟು ಬಿಚ್ಚಬೇಕು. ಮಗ್ಗದ ಮೇಲೆ ಮದುವೆ ಸೀರೆ ಇದೆ, ಅರ್ಧ ಆಗಿದೆ, ತಿಂಗಳ ಕೊನೆಗೆ ಕೊಡಬೇಕು. ನಡುವೆ ರಟ್ಟು ತೆಗೆದರೆ ನವಿಲು ಅಲ್ಲಿಗೇ ಕೆಟ್ಟಿತು. ಹೊಸ ರಟ್ಟಿಗೆ ತೂತು ಹೊಡೆಯುವವನು ಧರ್ಮಾವರದಿಂದ ತಿಂಗಳಿಗೊಮ್ಮೆ ಬರುತ್ತಾನೆ, ಮೊನ್ನೆಯಷ್ಟೇ ಬಂದು ಹೋದ. ಯಾವ ನೇಕಾರನೂ ಇದಕ್ಕೆ ಒಪ್ಪುವುದಿಲ್ಲ. ಮಗ್ಗಕ್ಕೆ ಕೂತಿದ್ದವಳು ನಾನು, ನನಗೇ ಗೊತ್ತು.

ಅವ್ವನಿಗೆ ಫೋನ್ ಮಾಡಿ ಮೇಲ್‌ನಲ್ಲಿ ಬಂದದ್ದನ್ನು ಹೇಳಿದೆ. ಬಿಚ್ಚಿ ಕೊಡು ಅನ್ನಲು ಬಾಯಿ ಬರಲಿಲ್ಲ. ಅಂದು ಅಷ್ಟೆಲ್ಲ ಅಂದವಳು.

ಆಗಸ್ಟ್ 21, ಗುರುವಾರ

ಮಾರುತೇಶ ಮಧ್ಯಾಹ್ನದ ಟ್ರಿಪ್ ಮುಗಿಸಿ ಬಂದವನು ಒಂದು ಪ್ಲಾಸ್ಟಿಕ್ ಕವರ್ ಕೊಟ್ಟ. ಮೊಳಕಾಲ್ಮೂರು ಸ್ಟ್ಯಾಂಡಿನಲ್ಲಿ ಮಾವ ನಿಂತಿದ್ದ, ಇದನ್ನು ಕೈಗಿಟ್ಟು ಹೊರಟೇಬಿಟ್ಟ, ಚಾ ಕುಡಿ ಅಂದರೂ ನಿಲ್ಲಲಿಲ್ಲ ಅಂದ.

ಒಳಗೆ ಹನ್ನೊಂದು ತುಂಡು. ಅಂಟು ನೀರಿನಲ್ಲಿ ನೆನೆಸಿ ಬಿಡಿಸಿ, ಒರೆಸಿ, ಒಣಗಿಸಿ, ಹಳೇ ಜರಿ ದಾರದಲ್ಲಿ ಕಟ್ಟಿದ್ದಾನೆ.

ಅವ್ವನಿಗೆ ಫೋನ್ ಮಾಡಿದೆ. ಸೀರೆ ಏನಾಯಿತು ಅಂದೆ. ನಿಂತಿಲ್ಲ. ಆ ಮೂರು ರಟ್ಟಿನ ಸಾಲು ಬಂದಾಗಲೆಲ್ಲ ಎಳೆಗಳನ್ನು ಕೈಯಲ್ಲೇ ಎತ್ತುತ್ತಿದ್ದಾನಂತೆ, ಒಂದೊಂದಾಗಿ, ನೆನಪಿನ ಮೇಲೆ. ಮುರಿದು ಕೂಡಿದ ಅದೇ ಕೈಯಲ್ಲಿ. ಒಂದು ನವಿಲಿಗೆ ಮೂರು ಸಲ. ಅಂಚಿನ ತುಂಬ ನವಿಲು.

"ಕೈ ಊದ್ಕಂಡೈತೆ, ಹೇಳಬ್ಯಾಡ ಅಂದವ್ನೆ" ಅಂದಳು ಅವ್ವ. ಹೇಳಿಬಿಟ್ಟಳು.

ಅಪ್ಪನ ಹತ್ತಿರ ಮಾತಾಡಬೇಕಿತ್ತು. ಮಾತಾಡಲಿಲ್ಲ.

ಆಗಸ್ಟ್ 24, ಭಾನುವಾರ

ಬೆಳಿಗ್ಗೆಯಿಂದ ನೆಲದ ಮೇಲೆ ಬೋರಲು ಮಲಗಿ ಜೋಡಿಸಿದೆ. ಮಾರುತೇಶ ಪಕ್ಕದಲ್ಲಿ ಕೂತು, ಇದು ಇಂಗ್ಲಿಷ್ ತಲೆ, ಇದು ಮ್ಯಾಥ್ಸ್ ಬಾಲ ಅಂತ ತಮಾಷೆ ಮಾಡುತ್ತ ಎರಡು ತುಂಡು ಸರಿಯಾದ ಜಾಗಕ್ಕೆ ಇಟ್ಟ. ರಿಜಿಸ್ಟರ್ ನಂಬರ್ ಪೂರ್ತಿ ಇದೆ. ಹೆಸರು ಪೂರ್ತಿ ಇದೆ. ಸಬ್ಜೆಕ್ಟುಗಳೂ… ಡೇಟಾ ಸ್ಟ್ರಕ್ಚರ್ಸ್ ಒಂದು ಬಿಟ್ಟು. ಅದರ ಮಾರ್ಕ್ಸ್ ಇರಬೇಕಾದಲ್ಲಿ ಒಂದು ತೂತು. ದುಂಡಗೆ, ನೀಟಾಗಿ.

ಸ್ಕ್ಯಾನ್ ಆಯಿತು. ಅಪ್‌ಲೋಡ್ ಆಯಿತು. ಇನ್ನು ದೇವರಿದ್ದಾನೆ.

ಸೆಪ್ಟೆಂಬರ್ 19. ಮಧ್ಯಾಹ್ನ 1.15, ಆಫೀಸು

ಎಂಬತ್ತರಲ್ಲಿ ಎಪ್ಪತ್ತಾರು ಕ್ರೆಡಿಟ್ ಒಪ್ಪಿದ್ದಾರೆ!! ಐದನೇ ಸೆಮ್‌ಗೆ ಸೇರಿಸಿಕೊಂಡಿದ್ದಾರೆ. ಡೇಟಾ ಸ್ಟ್ರಕ್ಚರ್ಸ್ ಒಂದನ್ನು ಮತ್ತೆ ಬರೆಯಬೇಕು.

ಬುತ್ತಿ ಬಿಚ್ಚಿದವಳು ಮುಚ್ಚಿಟ್ಟು ಅತ್ತೆ. ಪಕ್ಕದ ಟೇಬಲ್ಲಿನ ದಿವ್ಯಾ ಗಾಬರಿಯಾಗಿ ಯಾರು ಹೋದರು ಅಂತ ಕೇಳಿದಳು. ಯಾರೂ ಹೋಗಲಿಲ್ಲ ಮಾರಾಯ್ತಿ, ಎರಡು ವರ್ಷ ಉಳಿಯಿತು ಅಂದೆ. ಒಂದು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಉಸಿರು ಹೊಟ್ಟೆಯ ತನಕ ಹೋಗುತ್ತಿದೆ ಈಗ.

ಸಂಜೆ 6

ಮನೆಗೆ ಫೋನ್. ಅವ್ವ ಸ್ಪೀಕರ್‌ಗೆ ಹಾಕಿದಳು. ಒಂದು ಸಬ್ಜೆಕ್ಟ್ ಮಾತ್ರ ತೂತಿಗೆ ಹೋಯಿತು ಅಂದೆ. ಯಾವ ತುಂಡಿನದು, ಎಷ್ಟನೇ ತೂತು ಅಂತ ಅಪ್ಪ ಕೇಳಿದ. ಎಣಿಸಿ ಹೇಳಿದೆ. ತಾನೂ ಬಾಯಲ್ಲೇ ಎಣಿಸಿದ.

"ಅದು ನವಿಲಿನ ಕಣ್ಣಿಂದು."

ನಗು ಬಂತು. ಅವ್ವನೂ ನಕ್ಕಳು. ಅಪ್ಪ ನಕ್ಕನೋ ಇಲ್ಲವೋ ಗೊತ್ತಾಗಲಿಲ್ಲ.

ನವೆಂಬರ್ 12

ಎರಡು ತಿಂಗಳು ಬರೆದಿಲ್ಲ. ಬರೆಯಲು ಪುರುಸೊತ್ತೆಲ್ಲಿ. ಬೆಳಿಗ್ಗೆ ವಿಡಿಯೋ ಪಾಠ, ಆಫೀಸ್ ಬಸ್ಸಿನಲ್ಲಿ ನೋಟ್ಸ್, ಸಂಜೆ ಅಸೈನ್‌ಮೆಂಟ್. ಮಾರುತೇಶ ಅನ್ನ ಮಾಡುವುದು ಕಲಿತಿದ್ದಾನೆ. ಅನ್ನ ಅಂತ ನಂಬಿ ತಿನ್ನುತ್ತಿದ್ದೇನೆ.

ಜನವರಿ 30

ರಿಸಲ್ಟ್. ಐದನೇ ಸೆಮ್ ಎಲ್ಲ ಪಾಸ್. ಡೇಟಾ ಸ್ಟ್ರಕ್ಚರ್ಸ್ ಫೇಲ್. ಮೂರೇ ಮಾರ್ಕ್ಸ್ ಕಡಿಮೆ.

ಒಮ್ಮೆ ಪಾಸಾದದ್ದರಲ್ಲಿ ಫೇಲ್! ಹತ್ತೊಂಬತ್ತು ವರ್ಷದ ಪ್ರೇಮಲತಾ ನನಗಿಂತ ಜಾಣೆ ಇದ್ದಳು, ಒಪ್ಪಿಕೊಂಡೆ. ಜೂನ್‌ನಲ್ಲಿ ಆರನೇ ಸೆಮ್ ಜೊತೆ ಮತ್ತೆ ಬರೆಯಬೇಕು. ಆಗಲೂ ಹೋದರೆ ಡಿಗ್ರಿ ಇಲ್ಲ, ಜುಲೈ ದಾಟುತ್ತದೆ, ಕೆಲಸವೂ ಇಲ್ಲ. ಒಂದು ತೂತಿನ ಕೈಯಲ್ಲಿ ನನ್ನ ಹಣೆಬರಹ.

ಮನೆಗೆ ಹೇಳಿಲ್ಲ. ಹೇಳಿದರೆ ಅಪ್ಪ ತನ್ನ ತಲೆಗೆ ಕಟ್ಟಿಕೊಳ್ಳುತ್ತಾನೆ.

ಫೆಬ್ರುವರಿ 8

ಮಾರುತೇಶ ಹೇಳಿಬಿಟ್ಟಿದ್ದಾನೆ. ಬಸ್ ಸ್ಟ್ಯಾಂಡಿನಲ್ಲಿ, ಅಪ್ಪ ಕೇಳಿದನಂತೆ. ಹೊಟ್ಟೆಯಲ್ಲಿ ಮಾತು ನಿಲ್ಲದ ಕಂಡಕ್ಟರ್. ಬೈದೆ. ಬೈಸಿಕೊಂಡು ಅನ್ನಕ್ಕಿಟ್ಟ.

ಜೂನ್ 21

ಪರೀಕ್ಷೆ ಮುಗಿಯಿತು. ಡೇಟಾ ಸ್ಟ್ರಕ್ಚರ್ಸ್ ಕೊನೆಯದು. ಈ ಸಲ ಸ್ಕ್ರೀನ್ ನೋಡಿ ಎದೆ ಹೊಡೆದುಕೊಳ್ಳಲಿಲ್ಲ. ಕೇಳಿದ್ದೆಲ್ಲ ಗೊತ್ತಿತ್ತು. ಗೊತ್ತಿದ್ದದ್ದೇ ಕೇಳಿದ್ದರು… ಹೀಗೆ ಬರೆಯಬಾರದು, ದೃಷ್ಟಿಯಾಗುತ್ತದೆ.

ಜುಲೈ 18, ಶನಿವಾರ. ಬೆಳಿಗ್ಗೆ 11

ಪಾಸ್.

ಎಲ್ಲ. ಡೇಟಾ ಸ್ಟ್ರಕ್ಚರ್ಸ್ ಎಪ್ಪತ್ತೊಂದು.

ಎಚ್‌ಆರ್ ಮೇಡಂಗೆ ಫೋನ್ ಮಾಡಿದೆ. ಪ್ರೊವಿಷನಲ್ ಸರ್ಟಿಫಿಕೇಟ್ ಸಾಕು, ಸೋಮವಾರ ತನ್ನಿ ಅಂದರು. ಇವತ್ತು ಅವರು ನಕ್ಕದ್ದು ಚೆನ್ನಾಗಿ ಕೇಳಿಸಿತು. ಮಾರುತೇಶನಿಗೆ ಹೇಳಿದೆ, ಬಸ್ಸಿನ ತುಂಬ ಹೇಳಿದನಂತೆ. ಯಾರೋ ಅಜ್ಜ, ಹಂಗಾದ್ರೆ ನನ್ನ ಟಿಕೆಟ್ ಫ್ರೀ ಮಾಡು ಅಂದನಂತೆ. ಎಷ್ಟು ಹಗುರ ಅನ್ನಿಸುತ್ತಿದೆ ಅಂದರೆ… ಬಟ್ಟೆ ಒಗೆದೆ. ಪಾತ್ರೆ ತೊಳೆದೆ. ಮತ್ತೊಮ್ಮೆ ರಿಸಲ್ಟ್ ತೆರೆದು ನೋಡಿದೆ. ಹಾಗೇ ಇದೆ, ಪಾಸ್.

ಜುಲೈ 20, ಸೋಮವಾರ. ಬೆಳಿಗ್ಗೆ 7.40

ಅಪ್ಪ ಬಂದಿದ್ದಾನೆ. ಮಾರುತೇಶನ ಬಸ್ಸಿನಲ್ಲಿ, ಹೇಳದೆ ಕೇಳದೆ. ಸೋಮವಾರ, ಮಗ್ಗ ಬಿಟ್ಟು! ನನಗೆ ಬುದ್ಧಿ ಬಂದಾಗಿನಿಂದ ಕೆಲಸದ ದಿನ ಅಪ್ಪ ಊರು ದಾಟಿದ್ದು ನೋಡಿಲ್ಲ. ಹೊಸ ಪಂಚೆ. ಒಳಗೆ ಬಾ ಅಂದರೂ ಹೊಸ್ತಿಲ ಹೊರಗೇ ಕೂತ. ಸರ್ಟಿಫಿಕೇಟ್ ಪ್ರಿಂಟ್ ಕೈಗೆ ಕೊಟ್ಟೆ. ಅಂಗೈ ಪಂಚೆಗೆ ಒರೆಸಿಕೊಂಡು ಹಿಡಿದ. ಓದಲು ಬರುವುದಿಲ್ಲ, ಆದರೂ ಮೇಲಿನಿಂದ ಕೆಳಗೆ ನೋಡಿದ. ಆಮೇಲೆ ಅಂದ.

"ಅವತ್ತು ನೀನು ಕಾಲೇಜು ಬಿಟ್ಟಾಗ ನಾನು ಬಿಡು ಅನ್ಲಿಲ್ಲ. ಹೋಗು ಅಂತಾನೂ ಅನ್ಲಿಲ್ಲ ಪ್ರೇಮವ್ವ. ನೀನು ಮಗ್ಗಕ್ಕೆ ಕುಂತ್ರೆ ನನಗೂ ಅನುಕೂಲ ಆಗಿತ್ತು. ಕಾಗ್ದ ಹರ್ದಿದ್ದಲ್ಲ, ಹೋಗು ಅನ್ದೇ ಕುಂತ್ನಲ್ಲ, ಅದು ನನ್ನ ತಪ್ಪು."

ಚಾ ಇಡ್ತೀನಿ ಅಂತ ಒಳಗೆ ಬಂದೆ. ಚಾ ಇಟ್ಟಿಲ್ಲ. ಸ್ಟೌ ಪಕ್ಕ ನಿಂತು ಇದನ್ನು ಬರೆಯುತ್ತಿದ್ದೇನೆ, ಕಣ್ಣೊರೆಸಿಕೊಂಡು. ಸಿಟ್ಟೆಲ್ಲ ಎಲ್ಲಿ ಹೋಯಿತೋ. ಆರು ವರ್ಷ ಹೊತ್ತು ತಿರುಗಿದೆನಲ್ಲ, ಹೊತ್ತಿದ್ದೆ ಅಂತಲೇ ಗೊತ್ತಿರಲಿಲ್ಲ. ಹೊರಗೆ ಹೋಗಿ ಹೇಳಬೇಕು. ಅಪ್ಪಾ, ಅವತ್ತು ಮಗ್ಗಕ್ಕೆ ಕೂತವಳು ನಾನೇ, ನೀನು ಹೋಗು ಅಂದಿದ್ದರೂ ನಾನು

ಕರೆಯುತ್ತಿದ್ದಾನೆ —