ಬಾಗಿಲವರೆಗೆ ಹೋದವಳು

ಶುಕ್ರವಾರ, ಮಧ್ಯಾಹ್ನ

ನನ್ನ ಮುದ್ದಿನ ಅಮ್ಮನಿಗೆ,

ಎಷ್ಟು ಸಲ ಮುಖ ತೊಳೆದರೂ ಕಿವಿಯ ಹಿಂದಿನ ಬೆಳ್ಳಿಪುಡಿ ಹೋಗುತ್ತಿಲ್ಲ. ನೀನು ನೋಡಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದೆ. ಆಲ್ಬಮ್ಮಿನ ರೆಕಾರ್ಡಿಂಗ್ ನಿನ್ನೆ ಮುಗಿಯಿತು. ಮುಗಿದ ಕೂಡಲೇ ಮನೆಗೆ ಬಂದು ಶಾಲೆಯಲ್ಲಿ ಸಂಗೀತದ ಟೀಚರಾಗಿ ಸೇರುತ್ತೇನೆಂದು ಮಾತು ಕೊಟ್ಟಿದ್ದೆ. ಆ ಕೆಲಸಕ್ಕಾಗಿ ನೀನೆಷ್ಟು ಓಡಾಡಿದ್ದೀಯ ಎಂದು ಗೊತ್ತು. ಆದರೆ ನಿನ್ನೆ ಆದದ್ದನ್ನು ಮೊದಲು ಹೇಳದಿದ್ದರೆ ನನಗೆ ಊಟ ಇಳಿಯುವುದಿಲ್ಲ.

ನಮ್ಮ ಗಾಯಕ ಗೊತ್ತಲ್ಲ, ನೀನು ನವಿಲು ಎಂದು ಆಡಿಕೊಳ್ಳುವವನು. ಅವನ ಗ್ಲಾಮ್ ರಾಕ್ ಸಂಗೀತಕ್ಕೆ ಹಾಡಿನಷ್ಟೇ ವೇಷವೂ ಬೇಕು. ಸ್ಟುಡಿಯೋದಲ್ಲಿ ನೋಡುವವರಿಲ್ಲದಿದ್ದರೂ ಹಿಮ್ಮೇಳದ ನಾವು ನಾಲ್ವರೂ ಬಣ್ಣ ಬಳಿದು, ಮಿನುಗುವ ಬಟ್ಟೆ, ಗೇಣುದ್ದ ಹಿಮ್ಮಡಿಯ ಬೂಟು ಹಾಕಿಕೊಂಡೇ ನುಡಿಸಬೇಕು. ಬಣ್ಣ ಇಲ್ದೆ ಇದ್ರೆ ನೀವು ನಿಮ್ ಪಾಡಿಗೆ ನೀವಿರ್ತೀರ, ನನ್ ಕಥೆ ಒಳಗಡೆ ಬರಲ್ಲ ಅಂತಾನೆ. ಆ ಬೂಟಿನಲ್ಲಿ ಡ್ರಮ್ಮಿನ ಪೆಡಲ್ ಒತ್ತಿದರೆ ನನ್ನ ಪಾಡು ಗೊತ್ತಾಗುತ್ತದೆ.

ಆಲ್ಬಮ್ ಪೂರ್ತಿ ಒಂದೇ ಕಥೆ. ಸೂರ್ಯನಿಲ್ಲದ ನಾಡಿನಿಂದ ಬೆಳಕು ಕದಿಯಲು ಬಂದ ಕಳ್ಳನೊಬ್ಬ ಇಲ್ಲಿ ಹಾಡುಗಾರನಾಗಿ ಮೆರೆಯುತ್ತಾನೆ. ಕೊನೆಗೆ ಎಲ್ಲರೂ ಬಿಟ್ಟುಹೋಗಿ, ಒಂಟಿಯಾಗಿ ಸಾಯುತ್ತಾನೆ. ಅದಕ್ಕೇ ಕೊನೆಯ ಹಾಡಿನಲ್ಲಿ, ತಮ್ಮ ಭಾಗ ನುಡಿಸಿದವರು ಒಬ್ಬೊಬ್ಬರಾಗಿ ಸದ್ದಿಲ್ಲದೆ ಎದ್ದು ಹೊರಗೆ ಹೋಗಬೇಕೆಂದು ನವಿಲು ಕಟ್ಟಪ್ಪಣೆ ಮಾಡಿದ್ದ. ಅವನ ಗಂಟಲು ಕೆಟ್ಟಿತ್ತು, ಎರಡನೆಯ ಸಲ ಹಾಡುವ ಮಾತೇ ಇರಲಿಲ್ಲ.

ಪಿಯಾನೋದವಳು ಹೋದಳು, ಬೇಸ್ ನುಡಿಸುವವನು ಹೋದ, ಗಿಟಾರಿನ ಲಂಬು ಹೋದ. ಕೊನೆಯವಳು ನಾನು. ಕಡ್ಡಿಗಳನ್ನು ಕೆಳಗಿಟ್ಟು ಉಸಿರು ಬಿಗಿಹಿಡಿದು ಬಾಗಿಲವರೆಗೆ ನಡೆದೆ. ಹಿಡಿಯ ಮೇಲೆ ಕೈಯಿಟ್ಟು ತಿರುಗಿ ನೋಡಿದರೆ, ಅಷ್ಟು ದೊಡ್ಡ ಕೋಣೆಯಲ್ಲಿ ಅವನೊಬ್ಬನೇ, ಕಣ್ಣು ಮುಚ್ಚಿ, ಒಡೆದ ದನಿಯಲ್ಲಿ ಹಾಡುತ್ತಿದ್ದ. ಅಯ್ಯೋ ಪಾಪ ಅನ್ನಿಸಿಬಿಟ್ಟಿತು. ಟಕಟಕ ಬೂಟು ಬಡಿಯುತ್ತಾ ವಾಪಸು ಹೋಗಿ ಕೂತು ಬಾರಿಸತೊಡಗಿದೆ.

ಕಥೆಯೇ ಕೆಟ್ಟಿತಲ್ಲ! ಗಾಜಿನಾಚೆ ಸೌಂಡ್ ಇಂಜಿನಿಯರ್ ತಲೆಯ ಮೇಲೆ ಕೈಹೊತ್ತು ಕೂತ. ನವಿಲು ಕಣ್ಣು ತೆರೆದು ನನ್ನನ್ನು ನೋಡಿದ, ಹಾಡು ನಿಲ್ಲಿಸಲಿಲ್ಲ. ಆಮೇಲೆ ಆ ದನಿ ಏರಿತು ನೋಡಮ್ಮ! ಆ ಕೆಟ್ಟ ಗಂಟಲಿನಿಂದ ಹೇಗೆ ಬಂತೋ ಕಾಣೆ, ನನ್ನ ಮೈ ಜುಮ್ಮೆಂದಿತು. ಬಾಗಿಲು ತೆರೆದು ಲಂಬು ಬಂದ, ಮಿಕ್ಕಿಬ್ಬರೂ ಬಂದರು. ಏನು ನುಡಿಸಬೇಕೆಂದು ಯಾರೂ ಹೇಳಿರಲಿಲ್ಲ, ಎಲ್ಲರ ಕೈಗೂ ಗೊತ್ತಿತ್ತು. ಇಷ್ಟು ದೊಡ್ಡದೊಂದರ ಒಳಗೆ ನಾನು ಯಾವತ್ತೂ ಕೂತಿರಲಿಲ್ಲ.

ಹಾಡು ಮುಗಿಯಿತು. ಈ ಕೊನೆ ಕತ್ತರಿಸಿಬಿಡ್ಲಾ ಅಂತ ಇಂಜಿನಿಯರ್ ಕೇಳಿದ. ಮುಟ್ಟಬೇಡಿ, ಕಳ್ಳ ಬದುಕ್ಕೊಂಡ ಅಂದ ನವಿಲು. ಅವನ ಮುಖದ ಬಣ್ಣವೆಲ್ಲ ಕಣ್ಣೀರಿಗೆ ಕರಗಿ ಕತ್ತಿಗಿಳಿದಿತ್ತು.

ಶಾಲೆಯ ವಿಷಯ ಯೋಚಿಸಿ ತಿಳಿಸುತ್ತೇನೆ. ಮಂಡಿಗೆ ಎಣ್ಣೆ ಹಚ್ಚಿಕೋ.

ನಿನ್ನ ತಲೆಹರಟೆ ಮಗಳು

ತಾ.ಕ.: ಅವನಿಗೆ ಪಾಪ ಅನ್ನಿಸಿ ತಿರುಗಿ ಬಂದೆ ಎಂದು ಎಲ್ಲರಿಗೂ ಹೇಳಿದ್ದೇನೆ, ನಿನಗೂ ಹಾಗೇ ಬರೆದೆ. ಅದಲ್ಲಮ್ಮ. ಆ ಕೋಣೆಯಿಂದ ಹೊರಗೆ ಹೋಗುವುದು ನನ್ನಿಂದಲೇ ಆಗಲಿಲ್ಲ. ಕೆಲಸ ಬೇಡವೆಂದು ಹೆಡ್‌ಮಿಸ್ಸಿಗೆ ಇವತ್ತು ಬೆಳಿಗ್ಗೆಯೇ ಫೋನ್ ಮಾಡಿ ಹೇಳಿಬಿಟ್ಟೆ. ನಿನಗೆ ಫೋನ್ ಮಾಡಲು ಧೈರ್ಯ ಸಾಲಲಿಲ್ಲ.