ಹರಿಗೋಲ ಎಂಬ ಅಡ್ಡಹೆಸರು

ರಾಯಚೂರು
ಮಾಘ ಬಹುಳ ಪಂಚಮಿ, ಸೋಮವಾರ
ತಾ. ೧೪-೨-೧೯೪೪

ಪ್ರೀತಿಯ ತುಳಸಕ್ಕನಿಗೆ ತಮ್ಮ ಗುರುರಾಜನ ನಮಸ್ಕಾರಗಳು.

ನಿನ್ನ ಮೊಣಕಾಲು ನೋವು ಈಗ ಹೇಗಿದೆ? ಸೊಲ್ಲಾಪುರದ ಥಂಡಿಗೆ ಹೆಚ್ಚಾಗುತ್ತದೆ ಎಂದು ಹೋದ ಸಲ ಬರೆದಿದ್ದಿ. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಬೇಕಂತೆ, ಇದು ಕಾವೇರಿಯ ವೈದ್ಯ. ಭಾವನವರ ಕೆಮ್ಮು ಇಳಿಯಿತೇ? ವಿಠೂನ ಮುಂದಿನ ಹಲ್ಲು ಬಂತೇ? ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ, ಆದ್ದರಿಂದ ಕ್ಷೇಮ. ಯುದ್ಧದ ದೆಸೆಯಿಂದ ಸೀಮೆಎಣ್ಣೆಯೂ ಸಿಗುವುದಿಲ್ಲ, ಕಾಗದವೂ ಸಿಗುವುದಿಲ್ಲ. ಇದನ್ನು ಶಾಲೆಯ ಪರೀಕ್ಷೆಯಲ್ಲಿ ಉಳಿದ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ. ನನಗೆ ರೋಗವೇನಿಲ್ಲಕ್ಕ, ದಣಿವು ಅಷ್ಟೇ. ಬೆಳಿಗ್ಗೆ ಎದ್ದಾಗಲೇ ಸಂಜೆಯ ದಣಿವು ಇರುತ್ತದೆ.

ಮುಖ್ಯ ಮಾತಿಗೆ ಬರುತ್ತೇನೆ. ವಿಠೂನನ್ನು ನನಗೂ ಕಾವೇರಿಗೂ ದತ್ತಕ ಕೊಡು ಎಂದು ಅಪ್ಪ ದೀಪಾವಳಿಗೆ ನಿನಗೆ ಬರೆದರು. ಅಂದಿನಿಂದ ನಿನ್ನ ಕಾಗದಗಳೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನನಗೆ ಅರ್ಥವಾಗುತ್ತದೆ. ಅಪ್ಪನಿಗೆ ಇಲ್ಲ ಎಂದವಳು ನೀನಲ್ಲ, ನಾನೂ ಅಲ್ಲ. ಅಕ್ಕನ ಮಗ ದತ್ತಕಕ್ಕೆ ಬರುವುದಿಲ್ಲ ಎಂದು ಇಲ್ಲಿಯ ಶಾಸ್ತ್ರಿಗಳು ಹೇಳಿದರು. ಅಪ್ಪ ಬಿಡುವವರೇ? ನಮ್ಮ ಕಡೆ ರೂಢಿಯಿದೆ, ಬರುತ್ತದೆ ಎನ್ನುವ ಇನ್ನೊಬ್ಬ ಶಾಸ್ತ್ರಿಗಳನ್ನು ಮಾನವಿಯಿಂದ ಹುಡುಕಿ ತಂದರು. ಅವರದು ಒಂದೇ ಕರಾರು: ಮುಂಜಿಗೆ ಮೊದಲು ದತ್ತಕ ಆಗಬೇಕು. ನಿಮ್ಮ ಗೋತ್ರದಲ್ಲಿ ಮುಂಜಿಯಾದ ಹುಡುಗ ಮತ್ತೆ ನಮ್ಮ ಮನೆಗೆ ಬರಲಾರ. ವಿಠೂನಿಗೆ ಎಂಟು ನಡೆದಿದೆಯಲ್ಲ, ಅದಕ್ಕೇ ಅಪ್ಪನ ಅವಸರ. ವೈಶಾಖದಲ್ಲಿ ಒಂದು ದಿನ ದತ್ತಕ, ಮರುದಿನ ಮುಂಜಿ ಎಂದು ಅವರೇ ಗೊತ್ತುಮಾಡಿಟ್ಟಿದ್ದಾರೆ.

ಇಷ್ಟೆಲ್ಲ ಯಾತಕ್ಕೆ ಎಂದರೆ ನಮ್ಮ ಅಡ್ಡಹೆಸರು ಉಳಿಯಲಿ ಎಂದು. ಕುಲಕರ್ಣಿ, ಜೋಶಿ ಎಂದರೆ ಊರಿಗೆ ಹತ್ತು ಮನೆ. ಹರಿಗೋಲ ಎಂದರೆ ಯಾರಿಗೂ ಗೊತ್ತಿಲ್ಲ. ಶಾಲೆಗೆ ಹೊಸ ಹೆಡ್‌ಮಾಸ್ತರರು, ಸದರ್ ಸಾಹೇಬರು, ಬಂದಾಗಲೆಲ್ಲ ಹಾಗೆಂದರೇನು ಎಂದು ಕೇಳುತ್ತಾರೆ. ನಾನು ಎರಡೂ ಕೈಯಿಂದ ಗಾಳಿಯಲ್ಲಿ ದುಂಡಗೆ ಬುಟ್ಟಿ ಬರೆದು, ಮೇಲೆ ಹುಟ್ಟು ಹಾಕಿ ತೋರಿಸುತ್ತೇನೆ. ಇಪ್ಪತ್ತು ವರ್ಷದಲ್ಲಿ ಐದು ಸಲ ಹೀಗೆ ದೋಣಿ ನಡೆಸಿದ್ದೇನೆ. ಅಪ್ಪನ ಕಥೆ ನಿನಗೆ ಬಾಯಿಪಾಠ: ಕೃಷ್ಣೆ ಉಕ್ಕಿ ಬಂದಾಗ ನಮ್ಮ ಮೂಲಪುರುಷರು ದೇವರ ವಿಗ್ರಹವನ್ನು ಹರಿಗೋಲಿನಲ್ಲಿಟ್ಟು ದಾಟಿಸಿ ಕಾಪಾಡಿದರು, ದೇಸಾಯರು ಮೆಚ್ಚಿ ಈ ಹೆಸರು ಕೊಟ್ಟರು. ಹೇಳಿದಷ್ಟು ಸಲವೂ ಆ ಪ್ರವಾಹ ಒಂದೊಂದು ಮೊಳ ಏರುತ್ತದೆ.

ದತ್ತಕಪತ್ರಕ್ಕೆ ವಂಶಾವಳಿ ಬೇಕು, ಈ ಹೆಸರಿನ ಮನೆಗಳು ಎಲ್ಲೆಲ್ಲಿವೆ ನೋಡಿಕೊಂಡು ಬಾ ಎಂದು ಅಪ್ಪ ಸಂಕ್ರಾಂತಿಯ ಸೂಟಿಯಲ್ಲಿ ನನ್ನನ್ನು ಹೊರಡಿಸಿದರು. ಇದ್ದಿಲಿನಿಂದ ಓಡುವ ಬಸ್ಸು, ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಮಾನವಿಯಲ್ಲಿ ಒಂದೇ ಮನೆ, ಸತ್ಯಭಾಮಾಬಾಯಿ ಎಂಬ ಮುದುಕಿ. ‘ನನ್ನ ಹಿಂದ ಯಾರೂ ಇಲ್ಲಪಾ, ನೀನ ಬರ್ಕೊಂಡು ಹೋಗು’ ಎಂದು ನಕ್ಕು ಮಜ್ಜಿಗೆ ಕೊಟ್ಟಳು. ನಮ್ಮ ಮೂಲ ಊರು ದೇವದುರ್ಗದಲ್ಲಿ ಎರಡು ಮನೆಗಳಿದ್ದವು. ಆ ಹುಡುಗರು ಈಗ ಕುಲಕರ್ಣಿ ಎಂದು ಬರೆಸುತ್ತಾರೆ. ಹರಿಗೋಲ ಎಂದರೆ ಹೆಣ್ಣು ಕೊಡುವವರು ಅಂಬಿಗರೇನು ಎಂದು ಕೇಳುತ್ತಾರಂತೆ. ಅಂದರೆ ಉಳಿದದ್ದು ನಾವೇ.

ದೇವದುರ್ಗದವರು ಒಂದು ಮಾತು ಹೇಳಿದರು: ಕೃಷ್ಣೆಯ ದಂಡೆಯ ಗೂಗಲ್ ಎಂಬ ಹಳ್ಳಿಯಲ್ಲಿ ಹರಿಗೋಲು ಹಾಕುವ ತಾಯಪ್ಪ ಎಂಬ ಮುದುಕನಿಗೆ ನಿಮ್ಮ ಹಿರಿಯರ ಸುದ್ದಿ ಗೊತ್ತು, ಹೋಗಿ ಕೇಳಿರಿ ಎಂದು. ಹೋದೆ. ಅಲ್ಲಮಪ್ರಭುವಿನ ಗುಡಿಗೆ ಕೈಮುಗಿದು ದಂಡೆಗಿಳಿದರೆ, ಅವನು ಹರಿಗೋಲು ಬೋರಲು ಹಾಕಿ ತೊಗಲಿಗೆ ತೇಪೆ ಹಚ್ಚುತ್ತಿದ್ದ. ನನ್ನ ಹೆಸರು ಕೇಳಿ ಎದ್ದು ನಿಂತ. ‘ಯಪ್ಪಾ, ನಿಮ್ಮ ಹಿರ್ಯಾನ್ನ ದಾಟಿಸಿದವ್ರು ನಮ್ಮವರ್ರೀ’ ಎಂದ. ನಾನು ಪ್ರವಾಹ, ವಿಗ್ರಹ ಎಂದೆ. ಅವನಿಗೆ ಯಾವ ವಿಗ್ರಹವೂ ಗೊತ್ತಿಲ್ಲ. ‘ದೇವ್ರಲ್ರೀ, ಕೂಸು. ಆಚಿ ದಂಡಿ ಶಹಾಪುರದ ಕಡಿಂದ ದತ್ತಕಕ್ಕ ತಂದ ಕೂಸು. ಊರಾಗಿನ ಮಂದಿ ಹರಗೋಲದಾಗ ಬಂದಾಂವ, ಹರಗೋಲದಾಗ ಬಂದಾಂವ ಅಂದ್ರು, ಅದ ಹೆಸರು ನಿಂತ್ತು’ ಎಂದ. ನಾಲ್ಕು ವರ್ಷದ ಹುಡುಗನಂತೆ. ತಾಯಪ್ಪನ ಮುತ್ತ್ಯಾನ ಮುತ್ತ್ಯಾ ಹುಟ್ಟು ಹಾಕಿದ್ದಂತೆ.

ಅಷ್ಟಕ್ಕೇ ನಿಂತಿದ್ದರೆ ನಗುತ್ತ ಬರುತ್ತಿದ್ದೆ. ಅವನು ಇನ್ನೂ ಹೇಳಿದ. ಹುಡುಗನನ್ನು ಹೆತ್ತ ತಾಯಿ ವರ್ಷಕ್ಕೊಮ್ಮೆ, ಕಾರ್ತಿಕದಲ್ಲಿ, ಅದೇ ಹರಿಗೋಲಿನಲ್ಲಿ ಈಚೆ ದಡದ ತನಕ ಬರುತ್ತಿದ್ದಳಂತೆ. ಕೊಟ್ಟ ಮೇಲೆ ಮನೆಗೆ ಬರಬಾರದು ಎಂದು ಮಾತಾಗಿತ್ತು, ಆದ್ದರಿಂದ ನೆಲಕ್ಕೆ ಕಾಲಿಡುತ್ತಿರಲಿಲ್ಲ. ದತ್ತಕ ತಂದವರು ಹುಡುಗನನ್ನು ಸ್ನಾನಕ್ಕೆಂದು ಕರೆತರುವರು, ಅವಳು ಕೂತಲ್ಲೇ ನೋಡಿ ತಿರುಗಿ ಹೋಗುವಳು. ಹೀಗೆ ಅವಳು ಬಂದ ನಾಲ್ಕನೆಯ ವರ್ಷ ಹುಡುಗ ಕೈಮಾಡಿ ತೋರಿಸಿ, ‘ಆಕಿ ಯಾರು, ಯಾಕ ಅಳಾಕತ್ತಾಳ?’ ಎಂದು ಕೇಳಿದನಂತೆ. ಯಾರೋ ಯಾತ್ರೆಯವಳು ಎಂದರಂತೆ ಮನೆಯವರು. ‘ಆ ಮಾತು ಆಕಿ ಕಿವಿಗೆ ಬಿತ್ರೀ. ಮುಂದಿನ ವರ್ಷ ನಮ್ಮವರು ಹರಗೋಲ ತಗೊಂಡು ಆಚಿ ದಂಡಿಗೆ ಹೋಗಿ ಕಾದ್ರು. ಆಕಿ ಬರ್ಲಿಲ್ಲ’ ಎಂದ ತಾಯಪ್ಪ. ನನಗೆ ನಿನ್ನ ನೆನಪಾಯಿತಕ್ಕ. ಬಸ್ಸಿನಲ್ಲಿ ಮುಖಕ್ಕೆ ಶಲ್ಯ ಹಾಕಿಕೊಂಡು ಅತ್ತೆ. ಧೂಳು ಎಂದು ಪಕ್ಕದವರಿಗೆ ಹೇಳಿದೆ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಇನ್ನಾದರೂ ಮನಸ್ಸು ಕರಗೀತು ಎಂದುಕೊಂಡೆ. ಅವರು, ‘ನೋಡಿದ್ಯಾ, ದತ್ತಕದಿಂದನ ನಮ್ಮ ಮನೆತನ ನಿಂತದ. ನಮಗದು ಕೂಡಿ ಬಂದದ್ದು’ ಎಂದರು. ಎಪ್ಪತ್ತೆರಡರ ಅಪ್ಪನ ಜೊತೆ ವಾದ ಮಾಡಲು ನನ್ನಲ್ಲಿ ಕಸುವಿಲ್ಲ. ಅವರನ್ನು ಕೆಟ್ಟವರೆಂದು ತಿಳಿಯಬೇಡ. ಹೆಸರು ಹೋದರೆ ತಾವೇ ಹೋದಂತೆ ಎಂಬ ಹೆದರಿಕೆ ಅವರಿಗೆ.

ಕಾವೇರಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಮೂರು ಸಲ ಬಸಿರಾಗಿ ಮೂರು ಸಲವೂ ಕೈ ಬರಿದಾದವಳು. ವಿಠೂನ ಅಳತೆಗೆ ಎರಡು ಅಂಗಿ ಹೊಲಿದಿಟ್ಟಿದ್ದಾಳೆ, ನನಗೆ ತೋರಿಸಿಲ್ಲ. ಅಪ್ಪ ಎದ್ದು ಹೋದ ಮೇಲೆ ಒಂದೇ ಕೇಳಿದಳು: ‘ಸಾಕಿದಾಕಿ ಸುದ್ದಿ ಏನೂ ಹೇಳ್ಲಿಲ್ಲೇನ್ರೀ ಆತ?’ ಇಲ್ಲ ಎಂದೆ. ನಿಜವಾಗಿಯೂ ತಾಯಪ್ಪ ಆ ಸಾಕುತಾಯಿಯ ಬಗ್ಗೆ ಏನೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಇದಿಷ್ಟು ಸಮಾಚಾರ. ನೀನೂ ಭಾವನವರೂ ಕೂತು ವಿಚಾರ ಮಾಡಿರಿ. ನಾನು ಹೀಗೆ ಮಾಡು, ಹಾಗೆ ಮಾಡು ಎನ್ನುವುದಿಲ್ಲ. ಭಾವನವರಿಗೆ ನಮ್ಮಿಬ್ಬರ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಮೊಣಕಾಲು ಜೋಪಾನ, ಬಾವಿಯ ನೀರು ನೀನೇ ಸೇದಬೇಡ.

ನಿನ್ನ ತಮ್ಮ
ಗುರುರಾಜ ಹರಿಗೋಲ

ತಾ.ಕ. ಸ್ಟೇಷನ್ನಿನ ಟಪಾಲು ಡಬ್ಬಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಅಪ್ಪನ ಕಾಗದವೂ ಇದೇ ಟಪಾಲಿಗೆ ಬರುತ್ತದೆ. ಕೆಳಗೆ ‘ನನ್ನ ಪೂರ್ಣ ಸಮ್ಮತಿಯಿದೆ’ ಎಂದು ನನ್ನ ಸಹಿ ಇದೆ. ಅವರು ಮಸಿಕುಡಿಕೆ ಹಿಡಿದು ಎದುರಿಗೇ ನಿಂತಿದ್ದರು, ಹಾಕಿದೆ. ಆ ಸಹಿಯನ್ನು ನಂಬಬೇಡ. ವೈಶಾಖದ ತನಕ ಕಾಯಬೇಡ, ಅಪ್ಪನಿಗೆ ಉತ್ತರವನ್ನೂ ಬರೆಯಬೇಡ. ಫಾಲ್ಗುಣದಲ್ಲಿ ಸಿಕ್ಕ ಮೊದಲ ಮುಹೂರ್ತಕ್ಕೆ ಸೊಲ್ಲಾಪುರದಲ್ಲೇ ವಿಠೂನ ಮುಂಜಿ ಮಾಡಿಬಿಡು. ನಮ್ಮನ್ನು ಕರೆಯಬೇಡ. ಅವನ ಜೋಳಿಗೆಗೆ ಮೊದಲ ಭಿಕ್ಷೆ ನೀನೇ ಹಾಕು. ಆದ ಮೇಲೆ ಶಾಲೆಯ ವಿಳಾಸಕ್ಕೆ ಒಂದು ಕಾರ್ಡು ಬರೆ ಸಾಕು. ಅಪ್ಪನ ಸಿಟ್ಟು ನಾನು ತಡೆದುಕೊಳ್ಳುತ್ತೇನೆ. ಕಾವೇರಿಗೆ ಏನು ಹೇಳಲಿ ಎಂಬುದು ಮಾತ್ರ ನನಗೆ ತಿಳಿಯುತ್ತಿಲ್ಲಕ್ಕ.